ಎರಡನೇ ನಂಬರ್ ರೂಮು

…ಇಲ್ಲ ಭಾವ, ನನಗ್ಯಾಕೋ ಆ ಬೋರ್ಡ್ ಬರೆಯೋನ ಮೇಲೇ ಅನುಮಾನ. ಯಾಕೆ ಹಾಗೆ ನೋಡ್ತೀರಿ? ಬೆಳಿಗ್ಗೆ ಪ್ರವಾಸೋದ್ಯಮ ಇಲಾಖೆಯೋರು ಬಂದು ನಿಮ್ಮ ಅತಿಥಿಗೃಹಕ್ಕೆ ಕೊಟ್ಟಿದ್ದ ಮಾನ್ಯತೆಯ ಹಸಿರು ಬೋರ್ಡು ಬಿಚ್ಕೊಂಡು ಹೋಗುವಾಗ ಅವನು ಎದುರಿಗೇ ನಿಂತು ಹಲ್ಲುಜ್ಜುತ್ತಿದ್ದ. ಅಷ್ಟು ಹೊತ್ತು ಯಾರಾದ್ರೂ ಹಲ್ಲುಜ್ತಾರಾ? ನಾಲ್ಕು ಸ್ಕ್ರೂ, ಎರಡು ನಿಮಿಷ. ಬೋರ್ಡಿದ್ದ ಜಾಗದಲ್ಲಿ ಗೋಡೆ ಬಣ್ಣ ಮಾತ್ರ ಹೊಸದಾಗಿ ಉಳ್ಕೊಂಡಿದೆ.

ಆ ಮುಷ್ಟೀಲಿ ಏನು? ಇರಲಿ ಬಿಡಿ.

ಇಡೀ ದೇಶಕ್ಕೇ ಪ್ರವಾಸೋದ್ಯಮ ಯೋಜನೆ, ಊರೂರಿಗೂ ಪ್ರವಾಸಿಗರು, ಮನೆಮನೇಲೂ ಅತಿಥಿಗಳಿಗೆ ರೂಮು… ನೀವು ಅಂಚೆ ಕಚೇರೀಲಿ ಸವೆದೋರು, ಇಲಾಖೆಯ ನಿಯಮದ ಪುಸ್ತಕಾನ ಪೂರ್ತಿ ಓದಿ ಎರಡು ರೂಮು ರಿಪೇರಿ ಮಾಡಿಸಿದ್ರಿ. ಬೀದೀಲಿ ಉಳಿದೋರು ಓದಿದ್ದು ಒಂದೇ ಸಾಲು: ಇಲಾಖೆ ಗುಟ್ಟಾಗಿ ಒಬ್ಬ ಅತಿಥೀನ ಕಳಿಸಿ ಮನೆಗಳನ್ನ ಪರೀಕ್ಷೆ ಮಾಡುತ್ತೆ. ಅವತ್ತಿಂದ ವಿಳಾಸ ಕೇಳೋಕೆ ಬಂದೋನಿಗೂ ಕಾಫಿ, ಗ್ಯಾಸ್ ತಂದೋನಿಗೂ ಹೊಸ ಟವೆಲ್. ಲಾಂಡ್ರಿ ಆಕೆ ಊರಿಂದ ಬಂದ ಸ್ವಂತ ಮೈದುನನನ್ನೂ ಗುರುತು ಹಿಡೀದೆ ಮೂರು ದಿನ 'ತಾವು' 'ತಾವು' ಅಂತ ಮಾತಾಡಿಸಿದಳು. ನಗೋದಿಲ್ವಾ? ಹೋದ ವಾರ ಇದಕ್ಕೇ ಹೊಟ್ಟೆ ಹಿಡ್ಕೊಂಡು ನಕ್ಕಿದ್ರಿ.

ಸರಿ, ವಿಷಯಕ್ಕೇ ಬರ್ತೀನಿ. ಯಾರೋ ಸುದ್ದಿ ಹಬ್ಬಿಸಿದ್ದಾರೆ, ಪರೀಕ್ಷೆಗೆ ಬರೋನು ಕುಂಟ್ತಾನೆ, ಬಂದ ತಕ್ಷಣ ಬಿಸಿನೀರು ಕೇಳ್ತಾನೆ ಅಂತ. ಯಾರು? ಬೋರ್ಡ್ ಬರೆಯೋನಲ್ಲದಿದ್ರೆ ದರ್ಜಿ. ಮನೆ ಮೆಟ್ಟಿಲು ಕಡಿದು ಅಂತ ದರ್ಜಿಯ ಅರ್ಜಿ ವಾಪಸ್ ಬಂದಿತ್ತು ನೋಡಿ, ಅವನಿಗೆ ಹೊಟ್ಟೆಕಿಚ್ಚು.

ಶನಿವಾರ ಕುಂಟಿಕೊಂಡು ಒಬ್ಬ ಬಂದ. ಬಿಸಿನೀರು ಕೇಳಿದ. ನೀವು ಎದ್ದೂ ಬಿದ್ದೂ ಓಡಿ, ಆಗಲೇ ಬಂದು ಕೂತಿದ್ದ ನೆಗಡಿ ಹೆಂಗಸನ್ನ 'ರೂಮಿಲ್ಲ' ಅಂತ ಎಬ್ಬಿಸಿ ಕಳಿಸಿದ್ರಿ. ಯಾವುದು ಬೇಕೋ ಆರಿಸ್ಕೊಳ್ಳಲಿ ಅಂತ ಎರಡು ರೂಮೂ ಅವನಿಗೇ ತೆರೆದಿಟ್ರಿ. ಆ ಹೆಂಗಸೇ ಪರೀಕ್ಷಕಿ ಅಂತ ಯಾರು ಕನಸು ಕಂಡಿದ್ರು? ನನಗಂತೂ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳ್ತೀನಿ. ಅವಳು ಮೂಗು ಒರೆಸ್ಕೊಂಡು ಹೋದಳು, ಇವನು ಭಾನುವಾರ ಅಕ್ಕನ ಕೈಲಿ ಎರಡೆರಡು ಸಲ ಬಡಿಸ್ಕೊಂಡು ತಿಂದು ಹೊರಟ. ಬರುವಾಗ ಬಲಗಾಲು ಕುಂಟ್ತಿದ್ದೋನು ಹೋಗುವಾಗ ಎಡಗಾಲು ಎಳೀತಿದ್ದ, ದಡ್ಡ ನನ್ಮಗ. ಬಲಗಾಲಿನ ಚಪ್ಪಲೀಲಿ ಒಂದು ಕಲ್ಲು ಹಾಕ್ಕೊಳ್ಳೋ, ಆಗ ಮರೆಯೋದಿಲ್ಲ ಅಂತ ಎಷ್ಟು ಸಲ ಹೇಳಿ…

ಅಲ್ಲ. ಯಾರೋ ಹೇಳಿಕೊಟ್ಟಿರಬೇಕು ಅಂದೆ.

ಭಾವ. ಏನಾದ್ರೂ ಅನ್ನಿ.

ತಮಾಷೆಗೆ ಭಾವ. ನನ್ನ ಹಳೇ ಸ್ನೇಹಿತ ಅವನು, ನಾಟಕದೋನು, ಒಂದು ಊಟಕ್ಕೆ ಒಪ್ಪಿದ. ನನ್ನ ಬುದ್ಧಿ ನಿಮಗೆ ಗೊತ್ತಿಲ್ವಾ? ಇದಕ್ಕೂ ಆ ಹಿಂದಿನ ರೂಮಿಗೂ ಸಂಬಂಧ ಇಲ್ಲ. ನಾನು ರೂಮಿನ ಮಾತೇ ಎತ್ತಿಲ್ಲ. ಹನ್ನೊಂದು ವರ್ಷ ನಾನು ಮಲಗಿದ್ದ ರೂಮು, ಬಾಗಿಲ ಮೇಲೆ 'ಎರಡು' ಅಂತ ಬರೆಸಿದ್ರಿ, ನನ್ನ ಟ್ರಂಕು ಮೆಟ್ಟಿಲ ಕೆಳಗೆ ಬಂತು. ಒಂದು ಮಾತಾಡಿದ್ನಾ? ಅಕ್ಕನ್ನ ಕೇಳಿ. ಅಲ್ಲೂ ಚೆನ್ನಾಗೇ ನಿದ್ದೆ ಬರುತ್ತೆ, ಕಾಲು ಮಡಚ್ಕೊಂಡ್ರೆ.

ಏನಿದು? ಆಗಲಿಂದ ಮುಷ್ಟೀಲಿ ಇಟ್ಕೊಂಡಿದ್ದು ಇದನ್ನೇನಾ… ಹಾಗಾದ್ರೆ ಮೊದಲೇ ಗೊತ್ತಿತ್ತು ನಿಮಗೆ. ಗೊತ್ತಿದ್ದೂ ನನ್ನ ಬಾಯಿಂದ ಇಷ್ಟೆಲ್ಲ ಕೇಳಿಸ್ಕೊಂಡ್ರಿ.

ನನಗ್ಯಾಕೆ ಕೊಡ್ತೀರಿ ಭಾವ ಇದನ್ನ? ಇದು ಎರಡನೇ ರೂಮಿನ ಕೀಲಿ.

ಎಲ್ಲಿಗೆ ಎದ್ರಿ? ಭಾವ… ಒಂದು ಸಲ ಬೈದಾದ್ರೂ ಹೋಗಿ.