ಫಿರಂಗಿ ಮೂತಿ ಗೋಡೆ ಕಡೆ

ಹತ್ರ ಬನ್ರಲಾ, ಲಾಟೀನು ಸಣ್ಣ ಮಾಡಿ. ನಮ್ಮ ದೊಡ್ಡಪ್ಪನ ಮಗ ಮಾಯಣ್ಣಂಗೆ ಆಗಿದ್ದು ಇದು. ಕಿಸಿಯಬೇಡಿ...

ನೊಣವಿನಕೆರೇಲಿ ಬಸ್ಸಿಳಿದು ತೋಟದ ದಾರೀಲಿ ಬಂದ್ರೆ ಹಳೇ ಬಾವಿ ಸಿಕ್ತದಲ್ಲ, ಅಲ್ಲೇ. ತೋಂಟದಾರ್ಯ ತಿಪಟೂರಲ್ಲಿ ಸಿನಿಮಾ ನೋಡ್ಕೊಂಡು ರಾತ್ರಿ ಆ ದಾರೀಲೇ ಬರೋನಿದ್ದ. ಗೆಳೆಯನ ಚಡ್ಡಿ ಒದ್ದೆ ಮಾಡಿಸೋಕೆ ಅಂತ ಮಾಯಣ್ಣ ಮೊದಲೇ ಹೋದ. ಕೈಲಿ ದುರ್ಗಯ್ಯನ ಫಿರಂಗಿ.

ದುರ್ಗಯ್ಯ ಅಂದ್ರೆ ಮಿಲಿಟರಿ ತಾತ. ಮರಳುಗಾಡಲ್ಲಿ ಜರ್ಮನ್ನರ ಎದುರು ನಿಂತು ಬಂದೋನು. ಜಗಲಿ ಮೇಲೆ ಮರಳು ಹರಡಿ ಹುಡುಗರಿಗೆ ಯುದ್ಧದಾಟ ಕಲಿಸ್ತಿದ್ದ. ಬೋರಲು ಹಾಕಿದ ಕರಟ ನಮ್ಮ ಟ್ಯಾಂಕು. ಎದುರಿಗೆ, ಟ್ಯಾಂಕು ಒಡೆಯೋ ಜರ್ಮನ್ ಫಿರಂಗಿ. ಗೇಣುದ್ದ, ಮರದಲ್ಲಿ ತಾತನೇ ಕೆತ್ತಿದ್ದು. ನಾಲ್ಕು ಕವಡೆ ಎಸೀಬೇಕು. ನಾಲ್ಕೂ ಅಂಗಾತ ಬಿದ್ರೆ ಟ್ಯಾಂಕು ಢಮಾರ್.

ಆಟ ಮುಗಿದ ಮೇಲೆ ಫಿರಂಗಿ ಮೂತೀನ ಗೋಡೆ ಕಡೆ ತಿರುಗಿಸಲೇಬೇಕು. "ಮನುಷ್ಯರ ಕಡೆ ಮಡಗಿದ್ರೆ ಅದಕ್ಕೆ ಆಟ ಮುಗಿದಿರಲ್ಲ ಕಣ್ಲಾ" ಅನ್ನೋನು ತಾತ.

ತಾತ ಸತ್ತ ಮೇಲೆ ಅವನ ಹೆಂಡ್ತಿ ಶಿವರುದ್ರಮ್ಮಜ್ಜಿ ಅದನ್ನ ಗೂಡಲ್ಲಿ ಹಂಗೇ ಇಟ್ಟಿದ್ಲು, ಮೂತಿ ಗೋಡೆಗೆ. ಮಾಯಣ್ಣ ಎಗರಿಸಿದ.

ಬಾವಿಕಟ್ಟೆ ಮೇಲೆ ಮಡಗಿದ, ಮೂತಿ ದಾರಿ ಕಡೆ. ಅದಕ್ಕೊಂದು ದಾರ ಕಟ್ಟಿ, ಎದುರಿನ ತೆಂಗಿನ ಮರದ ಹಿಂದೆ ಅವಿತ. ಎಳೆದ್ರೆ ಮೂತಿ ತಿರುಗಬೇಕು, ತೋಂಟದಾರ್ಯ ಕಿರುಚಬೇಕು. ಆ ನನ್ಮಗ ಬರಲೇ ಇಲ್ಲ. ಸಾಕಾಗಿ ಮಾಯಣ್ಣ ಮರದ ಮುಂದಕ್ಕೆ ಬಂದ.

ಕಿರ್ರ್...

ದಾರ ಎಳೆದಿರಲಿಲ್ಲ. ಈಗ ಎಳೆದ. ಕಿತ್ತ ತುದಿ ಕೈಗೇ ಬಂತು. ಬೆಳದಿಂಗಳಲ್ಲಿ ಮೂತಿ ಅವನ ಕಡೆಗೇ ಇತ್ತು. ಎಡಕ್ಕೆ ಸರಿದ. ಕಿರ್ರ್... ಬಲಕ್ಕೆ ಸರಿದ. ಕಿರ್ರ್...

"ಯಾರ್ಲಾ ಅದು?" ಪಿಸುಗುಟ್ಟಿದ.

ಕಟ್ಟೆ ಕಲ್ಲಿನ ಮೇಲೆ ಗಲಗಲ... ಟಕ್. ಕವಡೆ! ಇವನು ತಂದೇ ಇರಲಿಲ್ಲ. ಎರಡು ಅಂಗಾತ.

ಗಲಗಲ... ಟಕ್. ಮೂರು.

ಬೆನ್ನು ಮರಕ್ಕೆ ಅಂಟ್ಕೊಂತು. ಕಾಲು ಕೀಳಕ್ಕಾಗ್ತಿಲ್ಲ. ಮತ್ತೆ ಗಲಗಲ... ಅನ್ನೋಷ್ಟರಲ್ಲಿ ಕಿವಿ ಪಕ್ಕ ಬೀಡಿ ವಾಸನೆ. ತಾತನ ದನಿ.

"ಮಲಗ್ಲಾ, ಮುಂಡೇದೆ!"

ದಬಾರಂತ ಬಿದ್ದ. ತಲೆ ಮೇಲೆ ಸುಂಯ್... ಹಿಂದೆ ಮರ ಥಪ್ ಅಂತು. ತೆವಳಿದ, ಎದ್ದ, ಓಡಿದ.

ಬೆಳಿಗ್ಗೆ ಎಲ್ಲ ಸೇರಿ ಹೋದ್ವಿ. ಬಾವಿಕಟ್ಟೆ ಮೇಲೆ ಫಿರಂಗಿ ಇಲ್ಲ. ಇವತ್ತಿಗೂ ಸಿಕ್ಕಿಲ್ಲ. ಮರದಲ್ಲಿ ದುಂಡನೆ ತೂತು, ಮಾಯಣ್ಣನ ಎದೆ ಮಟ್ಟಕ್ಕೆ.

ಸುಳ್ಳಾಡಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ. ಅವತ್ತು ಅವನು ನನ್ನ ಭುಜಕ್ಕೆ ಬರೋನು. ಈಗ ನನಗಿಂತ ಗೇಣುದ್ದ ಹೆಚ್ಚು. ಮೊನ್ನೆ ಆ ಮರಕ್ಕೆ ಒರಗಿಸಿ ನಿಲ್ಸಿದ್ವಿ...

ತೂತು ಈಗ್ಲೂ ಅವನ ಎದೆಗೇ ಸರಿಯಾಗೈತೆ ಕಣ್ರಲಾ.