ಕುರಿಕೊಬ್ಬು ಸವರಿದ ಗ್ಯಾಸ್ ಪೈಪು

ಹೆಸರು ಬೈಶೆನ್ ಕಾದಿರ್‌ಕುಲೊವ್, ವಯಸ್ಸು ಅರವತ್ತೊಂದು, ಉದ್ಯೋಗ ಕುದುರೆ ಜೀನು ಮತ್ತು ಲಗಾಮು ಹೊಲಿಯುವುದು, ವಾಸ ಆತ್-ಬಾಶಿ ಊರಿನ ಹೊಳೆದಂಡೆಯ ಕೊನೆಯ ಮನೆ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ಸೊಸೆ ನುರ್ಜಾತ್ ಒಲೆಯ ಗುಂಡಿ ತೆರೆದಿಟ್ಟು ಮನೆ ಸುಡಲು ನೋಡಿದಳೆಂದು ನನ್ನ ಹೆಂಡತಿ ಸೈರಾಕಾನ್ ನಿನ್ನೆ ಇಲ್ಲಿ ದೂರು ಕೊಟ್ಟಿದ್ದಾಳೆ. ಆ ದೂರು ತಪ್ಪು.

ನಮ್ಮ ಗ್ಯಾಸ್ ಪೈಪು ಹನ್ನೆರಡು ವರ್ಷ ಹಳೆಯದು. ಚಳಿಗಾಲದ ಆರಂಭದಲ್ಲಿ ಅದು ಬಾಗಿದ ಕಡೆ ಒಣಗಿ ಬಿರುಕು ಬಿಟ್ಟಿತ್ತು. ಹೊಸದು ತರಿಸಿ ಎಂದು ಸೊಸೆ ಕೇಳಿದಳು. "ನಿನ್ನ ಮಾವ ಮೂವತ್ತು ವರ್ಷದ ಲಗಾಮಿಗೆ ಕುರಿಕೊಬ್ಬು ಸವರಿ ಹೊಸದು ಮಾಡ್ತಾರೆ. ಈ ರಬ್ಬರು ಯಾವ ದೊಡ್ಡ ಮಹಾರಾಜ?" ಎಂದು ಹೆಂಡತಿ ವಾರಕ್ಕೊಮ್ಮೆ ಪೈಪಿಗೆ ಕುರಿಬಾಲದ ಕೊಬ್ಬು ಸವರತೊಡಗಿದಳು. ಪೈಪು ಮೆತ್ತಗಾಯಿತು. ನಾನೂ ಬಗ್ಗಿಸಿ ನೋಡಿ ಭೇಷ್ ಅಂದೆ. ಇದನ್ನೂ ಬರೆದುಕೊಳ್ಳಿ.

ಕಳೆದ ತಿಂಗಳು ಸೊಸೆ ವಾಸನೆ ಬರುತ್ತಿದೆ ಎಂದಳು. ಸಾಬೂನು ನೀರು ಹಾಕಿ ನೋಡಿದೆವು, ಗುಳ್ಳೆ ಏಳಲಿಲ್ಲ. "ಅದು ಕೊಬ್ಬಿನ ವಾಸನೆ ಕಣೇ! ಬಸುರಿಯೇನು, ಮೂಗು ಇಷ್ಟು ಚುರುಕಾಗಿದೆ?" ಎಂದು ಹೆಂಡತಿ ನಕ್ಕಳು.

ಮೊನ್ನೆ ಬೆಳಿಗ್ಗೆ ಸೊಸೆ ಚಹಾ ಕಾಯಿಸಿ ಒಲೆ ಆರಿಸಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಚ್ಚಲು ಕಡ್ಡಿ ಗೀರಿದ್ದೇ ತಡ, ಭಗ್ಗೆಂದಿತು. ಕೊಟ್ಟಿಗೆಯಿಂದ ಓಡಿ ಬಂದು ಕಂಬಳಿ ಹೊದಿಸಿ ಆರಿಸಿದೆ. ಆಕೆಯ ಬಲಗೈ, ಹುಬ್ಬು ಸುಟ್ಟಿದ್ದವು. ಒಲೆಯ ಗುಂಡಿಗಳೆಲ್ಲ ಮುಚ್ಚಿದ್ದವು, ಕಣ್ಣಾರೆ ಕಂಡೆ. ಪಕ್ಕದ ಮನೆಯಿಂದ ಬಂದು ಸೊಸೆಯನ್ನೇ ಬೈಯತೊಡಗಿದ ಹೆಂಡತಿಗೆ ಅದನ್ನೇ ಹೇಳಿದೆ. "ಸೊಸೆ ಪರ ವಕಾಲತ್ತು ಬೇಡ" ಎಂದು ನನ್ನ ಬಾಯಿ ಮುಚ್ಚಿಸಿದಳು.

ಸಂಜೆ ಸೊಸೆಯ ಅಣ್ಣ ಬಂದು ನುರ್ಜಾತ್‌ಳನ್ನು ತವರಿಗೆ ಕರೆದೊಯ್ದ. ನೀನೇಕೆ ಒಂದು ಮಾತೂ ಆಡಲಿಲ್ಲ ಎಂದು ಗೇಟಿನ ಬಳಿ ಕೇಳಿದೆ. "ಅತ್ತೆ ಕೈಯಿಂದ ಆಗಿದ್ದು ಅಂತ ನನ್ನ ಬಾಯಲ್ಲಿ ಹೇಗೆ ಹೇಳಲಿ ಮಾವ?" ಅಂದಳು. ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರನ್ನೇ ಎತ್ತುವುದಿಲ್ಲ, ತಪ್ಪು ಎತ್ತುತ್ತಾಳೆಯೇ? ನನಗೆ ಅಳು ಬಂತು.

ಇಂದು ಬೆಳಿಗ್ಗೆ ಸಿಲಿಂಡರ್ ತರುವ ಮೆಲಿಸ್‌ನನ್ನು ಕರೆಸಿದೆ. ಅವನು ಹೆಂಡತಿಯ ಎದುರೇ ಪೈಪು ಕತ್ತರಿಸಿ ತೋರಿಸಿದ. "ಬೈಶೆನಣ್ಣ, ಹೊಸ ರಬ್ಬರಲ್ಲೂ ಗ್ಯಾಸು ಒಂಚೂರು ಬಸಿಯುತ್ತೆ, ಮೂಗಿಗೇ ಗೊತ್ತಾಗಲ್ಲ. ವಯಸ್ಸಾದರೆ ಗಟ್ಟಿಯಾಗಿ ಇನ್ನೂ ಕಮ್ಮಿ ಬಸಿಯುತ್ತೆ, ಆದರೆ ಬಗ್ಗಿದ ಕಡೆ ಸೀಳುತ್ತೆ. ನೀವು ಹಚ್ಚಿದ ಕೊಬ್ಬು ಸೀಳನ್ನ ಮುಚ್ಚಿತ್ತು, ಅದಕ್ಕೇ ಗುಳ್ಳೆ ಬರಲಿಲ್ಲ. ಆದರೆ ಕೊಬ್ಬು ಕುಡಿದು ರಬ್ಬರು ಉಬ್ಬಿತು, ಮೈಯೆಲ್ಲ ಬಸಿಯೋಕೆ ಶುರುವಾಯ್ತು. ಒಲೆ ಕಾವಿಗೆ ಕೊಬ್ಬು ಕರಗಿ ಸೀಳೂ ಬಾಯಿ ಬಿಡ್ತು. ಇದೇನು ಚರ್ಮವಾ, ಸವರಿ ಬದುಕಿಸೋಕೆ?" ಎಂದ.

ಹೆಂಡತಿ ತುಂಡನ್ನು ಮೂಸಿ ನೋಡಿದಳು. ಆಮೇಲೆ ಪೆಟ್ಟಿಗೆ ತೆರೆದು ಹೊಸ ಬಿಳಿ ತಲೆವಸ್ತ್ರ ತೆಗೆದಳು. ಸೊಸೆಯನ್ನು ಮನೆ ತುಂಬಿಸಿಕೊಂಡ ದಿನ ಆಕೆಯ ತಲೆಗೆ ಕಟ್ಟಿದ್ದು ಅಂಥದ್ದೇ.

ಪೈಪಿನ ತುಂಡು ಹಾಜರುಪಡಿಸಿದ್ದೇನೆ. ಹೆಂಡತಿ ಆ ವಸ್ತ್ರ ಮಡಿಲಲ್ಲಿಟ್ಟುಕೊಂಡು ಹೊರಗೆ ಬೆಂಚಿನ ಮೇಲಿದ್ದಾಳೆ. ಒಳಗೆ ಬಾ ಎಂದರೆ, "ತಪ್ಪಾಯ್ತು ಅಂತ ಮೊದಲು ಅವಳಿಗೆ ಹೇಳ್ತೀನಿ, ಆಮೇಲೆ ಪೊಲೀಸರಿಗೆ" ಅನ್ನುತ್ತಾಳೆ. ಸೊಸೆಯ ತವರು ದೂರ, ಹೊತ್ತು ಮುಳುಗುವುದರೊಳಗೆ ತಲುಪಬೇಕು. ದಯವಿಟ್ಟು ಬೇಗ ಮುಗಿಸಿ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಷ್ಟೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಆತ್-ಬಾಶಿ
ದಿನಾಂಕ: ಮಾರ್ಚ್ 14
ಸಹಿ: ಬೈಶೆನ್ ಕಾದಿರ್‌ಕುಲೊವ್