ಮುಚ್ಚಳ ತಿರುಗಿಸುವ ಕೈ

...ಬೇಡ, ಬೇಡ, ಆ ಪಾತ್ರೆ ಇಲ್ಲಿ ಕೊಡು. ನಿನ್ನ ಕೈಯಲ್ಲಿ ಎತ್ತೋಕಾಗಲ್ಲ ಅಂತ ನನಗೆ ಗೊತ್ತಿಲ್ವಾ? ಅಕ್ಕ ಬಂದಳು ಅಂತ ಟೀ ಕಾಯಿಸ್ಲೇಬೇಕಾ? ಕೂತ್ಕೋ, ಸಣ್ಣಿ.

ಕೆಳಗೆ ನಿಂತಿರೋ ಕಾರಾ? ಕಂಪನಿದು. ಮ್ಯಾನೇಜರೇ ಕಳಿಸಿಕೊಟ್ರು, ಬಸ್ಸಲ್ಲಿ ಯಾಕೆ ನೇತಾಡ್ಕೊಂಡು ಹೋಗ್ತೀರಿ ಅಂತ. ಅದಕ್ಕೆ ಯಾಕೆ ಹಾಗೆ ನೋಡ್ತೀಯ?

ನಾಳೆ ವಿಚಾರಣೆ ಅಲ್ವಾ, ನಿನ್ನ ಪರಿಹಾರದ್ದು? ಹೋಗೇ ಹೋಗ್ತೀಯಾ? ...ಹೂಂ. ತಲೆ ಆಡಿಸಿಬಿಟ್ರೆ ಆಯ್ತಾ?

ನಾನೇನು ಹೊರಗಿನವಳಾ? ಆ ಔಷಧಿ ಕಾರ್ಖಾನೆಗೆ ನಿನ್ನ ಸೇರಿಸಿದ್ದೇ ನಾನು. ಸೀಸೆಗೆ ಮುಚ್ಚಳ ತಿರುಗಿಸೋದು ತಾನೆ, ಮಕ್ಕಳಾಟ ಅಂದಿದ್ದೆ. ಹೌದು, ಅಂದಿದ್ದೆ. ಆರು ವರ್ಷ... ದಿನಕ್ಕೆ ಐದು ಸಾವಿರ ಮುಚ್ಚಳ. ಮೊದಲು ನಿನ್ನ ಹೆಬ್ಬೆರಳು ಜೋಮು ಹಿಡೀತು, ಆಮೇಲೆ ಮಣಿಕಟ್ಟು ಊದಿತು, ನೀನು ನಿದ್ದೆಗಣ್ಣಲ್ಲೇ ಕೈ ಒದರ್ತಾ ಎದ್ದು ಕೂರ್ತಿದ್ದೆ. ಮುಚ್ಚಳ ಹಾಕೋ ಆ ಸಾಲಿನ ಮೇಲ್ವಿಚಾರಕಿ ನಾನು. ಎಲ್ಲಾ ನನ್ನ ಕಣ್ಣೆದುರೇ ಆಗಿದ್ದು. ನೋವು ಸುಳ್ಳು ಅಂತ ಯಾರೂ ಹೇಳ್ತಿಲ್ಲ. ಎಲ್ಲಿಂದ ಬಂತು ಅನ್ನೋದಷ್ಟೇ ಪ್ರಶ್ನೆ.

ಯಾಕೆ ನಗ್ತೀಯ?

ಕೈ ಯಂತ್ರಕ್ಕೆ ಸಿಕ್ಕಿದ್ರೆ ರಕ್ತ ಕಾಣುತ್ತೆ, ಎಲ್ಲರೂ ಓಡಿ ಬರ್ತಾರೆ. ನಿಂದು ಹಾಗಲ್ವಲ್ಲ. ನೋಡಿದವರಿಗೆ ಕೈ ನೆಟ್ಟಗೇ ಇದೆ. ಮನೇಲೂ ಒಗೀತೀವಿ, ಹಿಂಡ್ತೀವಿ, ತಿಕ್ತೀವಿ... ಕಂಪನಿ ವಕೀಲರು ಹಿಡಿಯೋದೇ ಅಲ್ಲಿ. ಬಂಡೆಗೆ ತಲೆ ಚಚ್ಚಿಕೊಂಡ್ರೆ ಒಡೆಯೋದು ಯಾವುದು, ಹೇಳು?

ಅರ್ಜಿ ವಾಪಸ್ ತಗೊಂಡ್ರೆ ಸೀಸೆಗೆ ಚೀಟಿ ಅಂಟಿಸೋ ಕೆಲಸ ಕೊಡ್ತಾರಂತೆ. ಕೂತು ಮಾಡೋದು. ಕಾಗದ ಬ್ಯಾಗಲ್ಲೇ ಇದೆ. ಎಡಗೈಲಿ ಸಹಿ ಹಾಕಿದ್ರೂ ನಡೆಯುತ್ತೆ, ಕೇಳ್ಕೊಂಡೇ ಬಂದಿದ್ದೀನಿ.

ಒಲ್ಲೆ ಅಂತೀಯಾ... ನಿನ್ನ ಹೆದರಿಸ್ತಿಲ್ಲ ಕಣೇ. ಅವರ ಹತ್ರ ಯಾವುದೋ ಹೇಳಿಕೆ ಇದೆಯಂತೆ. ಅದರಲ್ಲಿ ಏನಿದೆಯೋ, ನಾನಂತೂ ನೋಡಿಲ್ಲ. ನಾಳೆ ಎಲ್ಲರ ಮುಂದೆ ಆ ವಕೀಲ ಎದ್ದು ನಿಂತು, ನೀನು ಮನೇಲಿ ಕೂಲಿಗೆ ಸ್ವೆಟರ್ ಹೆಣೀತಿದ್ದೆ, ದಿನಾ ಐದು ಗಂಟೆ, ಮೂರು ವರ್ಷದಿಂದ ಅಂದ್ರೆ ಏನು ಹೇಳ್ತೀಯ?

...ಏನು?

ಯಾಕೆ ಹಾಗೆ ನೋಡ್ತಿದ್ದೀಯ? ಐದು ಗಂಟೆ ಅಂತ... ಯಾರೋ ಅಂದ್ರು. ಕ್ಯಾಂಟೀನಲ್ಲಿ. ಕಂಪನಿ ಡಾಕ್ಟರು ಇರಬೇಕು... ಸಣ್ಣಿ, ಏನಾದ್ರೂ ಅನ್ನು. ಬೈಯೋದಾದ್ರೆ ಬೈದುಬಿಡು.

ಆಯ್ತು. ನಾನೇ. ನಾನೇ ಕೊಟ್ಟಿದ್ದು. ಮ್ಯಾನೇಜರು ಎದುರಿಗೆ ಕೂರಿಸಿಕೊಂಡು, ನಿಮ್ಮ ತಂಗಿಗೆ ಮನೇಲಿ ಬೆರಳಿನ ಕೆಲಸ ಏನಾದ್ರೂ ಇದೆಯಾ ಅಂತ ಕೇಳಿದ್ರು. ಹೆಣಿಗೆ ಬರುತ್ತೆ ಅಂದೆ. ನನ್ನ ಬಾಯಿಂದ ಬಂದಿದ್ದು ಅಷ್ಟೇ. ಉಳಿದದ್ದು ಅವರೇ ಟೈಪ್ ಮಾಡಿಸಿದ್ರು. ನಾನು ಓದಲಿಲ್ಲ... ಇಲ್ಲ, ಓದಿದೆ. ಓದಿಯೇ ಸಹಿ ಹಾಕಿದೆ. ಸಾಲಿನ ವೇಗ ಹೆಚ್ಚಿಸಿದವಳು ನಾನು ಕಣೇ. ಕೆಲಸದಿಂದಲೇ ನಿನ್ನ ಕೈ ಹೋಯ್ತು ಅಂತಾದ್ರೆ ಎಲ್ಲಾ ನನ್ನ ತಲೆಗೆ ಬರುತ್ತೆ, ಮೊದಲು ಹೋಗೋಳು ನಾನು.

ಗೊತ್ತು. ನೀನು ಹೆಣೆದಿದ್ದು ಒಂದೇ ಒಂದು ಸ್ವೆಟರ್, ಅದೂ ನನ್ನ ಮಗಳಿಗೆ. ಗೊತ್ತಿಲ್ವಾ ನನಗೆ?

ಎಲ್ಲಿಗೆ ಎದ್ದೆ? ಬಾಗಿಲು ಯಾಕೆ... ಬಿಡು, ಆ ಚಿಲಕ ಬಿಗಿ ಇದೆ, ನಿನ್ನ ಕೈಗೆ ಬರಲ್ಲ. ನಾನೇ ತೆಗೀತೀನಿ. ಹೋಗ್ತೀನಿ.

ಆದ್ರೆ ಒಂದು ಮಾತು. ನಾಳೆ ನೀನು ಅಲ್ಲಿಗೆ ಬಂದ್ರೆ, ಸಾಕ್ಷಿ ಅಂತ ನನ್ನನ್ನೇ ಕರೀತಾರೆ. ಕರೆದಾಗ ನಾನು ಐದು ಗಂಟೆ ಅಂತಲೇ ಹೇಳೋದು, ಸಣ್ಣಿ. ನಿನ್ನ ಮುಖ ನೋಡ್ಕೊಂಡೇ ಹೇಳ್ತೀನಿ.